ತುಟಿಯ ಗುಳ್ಳೆಗೂ ಮನದ ಬೇಗೆಗೂ ಏನು ನಂಟು?

ಪರೀಕ್ಷೆ ಹತ್ತಿರ ಬಂದಾಗ, ಮನೆಯಲ್ಲಿ ಮದುವೆಯ ಓಡಾಟವಿದ್ದಾಗ ಅಥವಾ ನಾಲ್ಕು ದಿನ ನಿದ್ದೆಗೆಟ್ಟಾಗ ಕೆಲವರ ತುಟಿಯಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು ಕಾಣಿಸಿಕೊಳ್ಳುತ್ತದೆ. ‘ಮೈ ಉಷ್ಣವಾಗಿದೆ, ಎಳನೀರು ಕುಡಿ’ ಎನ್ನುತ್ತಾರೆ ಮನೆಯ ಹಿರಿಯರು. ವಾರ, ಹತ್ತು ದಿನಗಳಲ್ಲಿ ಅದು ಒಣಗಿ ಉದುರುತ್ತದೆ. ಮುಂದಿನ ಸಲ ಚಿಂತೆ ಮುತ್ತಿದಾಗ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ಹಾಜರು! ಮನಸ್ಸಿನ ಒತ್ತಡ ತುಟಿಯ ಮೇಲೇಕೆ ಮೂಡಬೇಕು? ಈ ಪ್ರಶ್ನೆಗೆ ಉತ್ತರ ದೊರೆಯಲು ವೈದ್ಯಶಾಸ್ತ್ರಕ್ಕೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈ ರೋಗದ ಹೆಸರು ‘ಹರ್ಪಿಸ್’. ‘ತೆವಳು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಪದವಿದು. ನಮ್ಮ ‘ಸರ್ಪ’ ಶಬ್ದವೂ ಅದೇ ಮೂಲದ್ದು. ಚರ್ಮದ ಮೇಲೆ ಹರಡುವ ಹುಣ್ಣುಗಳನ್ನೆಲ್ಲ ಹಿಪ್ಪೊಕ್ರೇಟಿಸ್ ಕಾಲದ ವೈದ್ಯರು ಈ ಹೆಸರಿನಿಂದ ಕರೆದರು. ಆಯುರ್ವೇದದ ‘ವಿಸರ್ಪ’ ಬೇರೆ ರೋಗವಾದರೂ ಹೆಸರಿನ ಹಿಂದಿನ ಕಲ್ಪನೆ ಒಂದೇ ಎಂಬುದು ಕುತೂಹಲಕರ. ಜ್ವರದ ಜತೆಯಲ್ಲಿ ಬಾಯಿಯ ಸುತ್ತ ಗುಳ್ಳೆ ಏಳುವುದನ್ನು ರೋಮ್‌ನ ವೈದ್ಯ ಹೆರೊಡೋಟಸ್ ಸುಮಾರು ಕ್ರಿ.ಶ. 100ರಲ್ಲೇ ಗುರುತಿಸಿದ್ದ. (ಈತ ಇತಿಹಾಸಕಾರ ಹೆರೊಡೋಟಸ್ ಅಲ್ಲ.)

ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಂದು ಫ್ರಾನ್ಸಿನ ವಿಡಾಲ್ 1873ರಲ್ಲಿ ತೋರಿಸಿದ. ಆದರೆ ಒಗಟು ಬಿಡಿಸಿಕೊಳ್ಳಲಿಲ್ಲ. ಅಂಟುರೋಗವೇ ಆಗಿದ್ದರೆ, ಹೊಸದಾಗಿ ಯಾರ ಸಂಪರ್ಕವೂ ಇಲ್ಲದವರಿಗೆ ಅದು ಮತ್ತೆ ಮತ್ತೆ ಬರುವುದು ಹೇಗೆ?

ಒಂದು ಸುಳಿವು ಶಸ್ತ್ರಚಿಕಿತ್ಸೆಯ ಮೇಜಿನಿಂದ ಬಂತು. ಮುಖದ ಅಸಹನೀಯ ನರಶೂಲೆಗೆ ಶಸ್ತ್ರಕ್ರಿಯೆ ಮಾಡುತ್ತಿದ್ದ ಅಮೆರಿಕದ ಹಾರ್ವಿ ಕುಶಿಂಗ್, ಅದರ ಬೆನ್ನಲ್ಲೇ ರೋಗಿಗಳ ತುಟಿಯ ಸುತ್ತ ಗುಳ್ಳೆ ಏಳುವುದನ್ನು 20ನೇ ಶತಮಾನದ ಮೊದಲ ದಶಕದಲ್ಲಿ ಗಮನಿಸಿದ. ಹಾಗಾದರೆ ಗುಟ್ಟು ನರದಲ್ಲಿದೆ! ಇನ್ನೊಂದು ಸುಳಿವು ವಿಯೆನ್ನಾದ್ದು. 1928ರಲ್ಲಿ ಹೈಲಿಗ್ ಮತ್ತು ಹಾಫ್ ಎಂಬ ವೈದ್ಯರು ಕೆಲವರನ್ನು ಸಮ್ಮೋಹನಕ್ಕೆ ಒಳಪಡಿಸಿ, ಕಹಿ ಅನುಭವಗಳನ್ನು ನೆನಪಿಗೆ ತಂದರು. ಅವರ ತುಟಿಗಳಲ್ಲಿ ಗುಳ್ಳೆಗಳು ಎದ್ದವು. ಮನಸ್ಸಿನ ಪಾತ್ರ ಬರಿಯ ಕಲ್ಪನೆಯಲ್ಲ ಎಂಬುದಕ್ಕೆ ಅದು ಆರಂಭದ ಪುರಾವೆಗಳಲ್ಲೊಂದು.

ವೈರಸ್ ನರಗಂಟಿನಲ್ಲಿ ಅಡಗಿರಬಹುದೆಂದು ಗುಡ್‌ಪಾಶ್ಚರ್ 1929ರಲ್ಲಿ ಊಹಿಸಿದ. ಒಮ್ಮೆ ಹೊಕ್ಕ ವೈರಸ್ ಜೀವನಪರ್ಯಂತ ಉಳಿದು, ಜ್ವರ, ಬಿಸಿಲು, ಒತ್ತಡಗಳಿಂದ ಎಚ್ಚರಗೊಳ್ಳುತ್ತದೆಂಬ ವಾದವನ್ನು ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ವಿಲಿಯಮ್ಸ್ 1939ರಲ್ಲಿ ಮಂಡಿಸಿದರು. 1971ರಲ್ಲಿ ಇಲಿಗಳ ನರಗಂಟಿನಲ್ಲಿ, ಮರುವರ್ಷ ಮನುಷ್ಯರ ಮುಖದ ನರಗಂಟಿನಲ್ಲಿ ಆ ವೈರಸ್ ಸಿಕ್ಕಿತು.

ಈಗ ಚಿತ್ರ ಸ್ಪಷ್ಟ. ಬಹುಪಾಲು ಬಾಲ್ಯದಲ್ಲಿಯೇ, ಮುತ್ತು ಅಥವಾ ಎಂಜಲಿನ ಮೂಲಕ ವೈರಸ್ ಒಳಸೇರಿ ನರಗಂಟಿನಲ್ಲಿ ಮಲಗುತ್ತದೆ. ಒತ್ತಡ ಮುಂದುವರಿದಾಗ ದೇಹದಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಏರುತ್ತವೆ. ಕಾವಲಿರುವ ರೋಗನಿರೋಧಕ ಕಣಗಳ ಬಿಗಿ ಸಡಿಲುತ್ತದೆ. ಎದ್ದ ವೈರಸ್ ಅದೇ ನರದ ಹಾದಿ ಹಿಡಿದು ತುಟಿಗೆ ಇಳಿಯುತ್ತದೆ. ಹಳೆಯ ಜಾಗದಲ್ಲೇ ಗುಳ್ಳೆ ಏಳುವುದು ಇದರಿಂದ.

ಗರ್ಟ್ರೂಡ್ ಎಲಿಯಾನ್ ಅವರ ತಂಡ ರೂಪಿಸಿದ ಅಸೈಕ್ಲೋವಿರ್ 1980ರ ದಶಕದಲ್ಲಿ ಬಳಕೆಗೆ ಬಂತು. 1988ರಲ್ಲಿ ಎಲಿಯಾನ್ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಈ ಔಷಧ ವೈರಸ್ಸಿನ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ನರದಲ್ಲಿ ಮಲಗಿದ್ದನ್ನು ಕಿತ್ತೊಗೆಯಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ಸುಮಾರು 380 ಕೋಟಿ ಮಂದಿ ಈ ವೈರಸ್ ಹೊತ್ತಿದ್ದಾರೆ. ಹೆಚ್ಚಿನವರಿಗೆ ಅದರ ಅರಿವೂ ಇಲ್ಲ. ಆದ್ದರಿಂದ ತುಟಿಯ ಗುಳ್ಳೆಯನ್ನು ನಡತೆಯ ಕಳಂಕವೆಂದು ಬಗೆದು ಮುಖ ಮರೆಸಬೇಕಾಗಿಲ್ಲ. ಆದರೆ ಒಂದು ಎಚ್ಚರ ಬೇಕು. ದೊಡ್ಡವರಿಗೆ ಹತ್ತು ದಿನದ ಕಿರಿಕಿರಿಯಾದ ಇದು ನವಜಾತ ಶಿಶುವಿನ ಪ್ರಾಣಕ್ಕೇ ಎರವಾಗಬಲ್ಲದು. ಗುಳ್ಳೆ ಇರುವಾಗ ತೊಟ್ಟಿಲ ಕೂಸಿಗೆ ಮುತ್ತಿಡದಿರುವುದೇ ನಿಜವಾದ ಅಕ್ಕರೆ.