ಒಂಬತ್ತು ಮಂದಿಯ ತೀರ್ಪು

ಈಗಿನ ತರುಣರಿಗೆ ಜ್ಯೂರಿಯೆಂಬ ಪದವು ಇಂಗ್ಲಿಷ್ ಕಾದಂಬರಿಗಳಿಂದ ಮಾತ್ರ ಪರಿಚಿತವಾದುದು. ಆದರೆ ಹಿಂದೆ ಮುಂಬಯಿ ಹೈಕೋರ್ಟಿನಲ್ಲಿ ಘೋರಾಪರಾಧದ ಆರೋಪಿಯ ಹಣೆಬರಹವನ್ನು ಒಂಬತ್ತು ಮಂದಿ ನಾಗರಿಕರು ಬರೆಯುತ್ತಿದ್ದರು. ಕಾಯಿದೆಯನ್ನು ವಿವರಿಸುವುದು ನ್ಯಾಯಾಧೀಶರ ಕಾರ್ಯ. ಸಾಕ್ಷ್ಯವನ್ನು ತೂಗಿ ದೋಷಿಯೋ ನಿರ್ದೋಷಿಯೋ ಎಂದು ನಿರ್ಣಯಿಸುವುದು ಜ್ಯೂರಿಯ ಕಾರ್ಯ. ಇಂಗ್ಲೆಂಡಿನಲ್ಲಿ 1967ರವರೆಗೆ ಹನ್ನೆರಡು ಮಂದಿಯೂ ಏಕಮತರಾಗಬೇಕಿತ್ತು. ಇಲ್ಲಿಯಾದರೋ 1898ರ ಸಂಹಿತೆಯಂತೆ ಒಂಬತ್ತರಲ್ಲಿ ಆರು ಮಂದಿ ಒಂದು ಮತಕ್ಕೆ ಬಂದು ನ್ಯಾಯಾಧೀಶರೂ ಅದನ್ನೊಪ್ಪಿದರೆ ಸಾಕಾಗಿತ್ತು. ಈ ಸಡಿಲಿಕೆಯ ಪರಿಣಾಮವನ್ನು ಲೋಕಮಾನ್ಯ ತಿಲಕರ ವಿಚಾರಣೆಯಷ್ಟು ಸ್ಪಷ್ಟವಾಗಿ ತೋರುವ ಮೊಕದ್ದಮೆ ಬೇರಿಲ್ಲವೆಂದೇ ನಮ್ಮ ಅಭಿಪ್ರಾಯ.

‘ಕೇಸರಿ’ಯ ಲೇಖನಗಳಿಗಾಗಿ 1908ರ ಜೂನ್ 24ರಂದು ತಿಲಕರ ಬಂಧನವಾಯಿತು. ಸರಕಾರವು ವಿಶೇಷ ಜ್ಯೂರಿಯನ್ನು ಬೇಡಿತು. ಅದರಲ್ಲಿ ಮರಾಠಿಯರಿಯದ ಐರೋಪ್ಯರೇ ತುಂಬುವರೆಂದು ಜೋಸೆಫ್ ಬ್ಯಾಪ್ಟಿಸ್ಟಾ ಆಕ್ಷೇಪಿಸಿದರೂ ಫಲವಾಗಲಿಲ್ಲ. ಕುಳಿತವರು ಏಳು ಮಂದಿ ಐರೋಪ್ಯರು, ಇಬ್ಬರು ಪಾರಸಿಗಳು. ನ್ಯಾಯಾಸನದಲ್ಲಿದ್ದವರು ದಾವರ್, 1897ರಲ್ಲಿ ಇದೇ ತಿಲಕರಿಗೆ ಜಾಮೀನು ಕೋರಿ ವಾದಿಸಿದ್ದ ವಕೀಲರು! ವಿಧಿಯ ವಿನೋದವೆನ್ನೋಣವೆ?

ಅಪರಾಧವೆನಿಸಿದುದು ಮರಾಠಿಯ ಮಾತು; ನಿರ್ಣಾಯಕರ ಮುಂದಿದ್ದುದು ಅದರ ಇಂಗ್ಲಿಷ್ ಅನುವಾದ. ತಿಲಕರು ತಮ್ಮ ಪಕ್ಷವನ್ನು ತಾವೇ ವಾದಿಸಿದರು. ಅನುವಾದ ಕಚೇರಿಯ ಅಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪದಪದದ ಅರ್ಥವನ್ನು ಕೆದಕಿದರು. ಬಳಿಕ ಹಲವು ದಿನಗಳಲ್ಲಿ ಇಪ್ಪತ್ತೊಂದು ಗಂಟೆಗೂ ಮಿಕ್ಕಿ ಜ್ಯೂರಿಯನ್ನುದ್ದೇಶಿಸಿ ಮಾತನಾಡಿದರು. ಒಂದು ನುಡಿಯ ಬಿರುಸು ಇನ್ನೊಂದು ನುಡಿಯಲ್ಲಿ ದ್ವೇಷವಾಗಿ ಕೇಳಿಸಬಲ್ಲದೆಂಬುದನ್ನು ಎರಡು ಭಾಷೆಗಳ ನಡುವೆ ಬಾಳುವ ನಮಗೆ ಯಾರೂ ಬೋಧಿಸಬೇಕಾಗಿಲ್ಲ. ಕಚೇರಿಯಲ್ಲಿ ಕನ್ನಡದಲ್ಲಿ ಆಡಿದ ಮಾತು ಇನ್ನೊಂದು ನುಡಿಯ ಕಾಗದದಲ್ಲಿ ಬೇರೆ ಮುಖ ಹೊತ್ತು ಕುಳಿತುದನ್ನು ಕಂಡ ರೈತರು ಗಡಿನಾಡಿನಲ್ಲಿ ವಿರಳರಲ್ಲ.

ಜುಲೈ 22ರ ರಾತ್ರಿ ಜ್ಯೂರಿಯು ಒಳಕೋಣೆಗೆ ಸರಿಯಿತು. ಒಂದು ಗಂಟೆಗೂ ಮೇಲ್ಪಟ್ಟು ಕಳೆದ ಮೇಲೆ ಹೊರಬಂದ ನಿರ್ಣಯ: ಏಳು ಮಂದಿಗೆ ದೋಷಿ, ಇಬ್ಬರಿಗೆ ನಿರ್ದೋಷಿ. 1897ರಲ್ಲಿಯೂ ಹೀಗೆಯೇ, ಆರು ಮಂದಿ ಐರೋಪ್ಯರು ಒಂದು ಕಡೆ, ಮೂವರು ಭಾರತೀಯರು ಇನ್ನೊಂದು ಕಡೆಯಾಗಿದ್ದರು. ಇಂಗ್ಲೆಂಡಿನ ಅಂದಿನ ನಿಯಮವಿದ್ದಿದ್ದರೆ ಎರಡು ಬಾರಿಯೂ ಈ ನಿರ್ಣಯ ನಿಲ್ಲುತ್ತಿರಲಿಲ್ಲ. ದಾವರ್ ಬಹುಮತವನ್ನೊಪ್ಪಿ ಆರು ವರ್ಷಗಳ ಗಡೀಪಾರನ್ನು ವಿಧಿಸಿದರು. ಶಿಕ್ಷೆಗೆ ಮುನ್ನ ತಿಲಕರು, ಜ್ಯೂರಿಯು ಏನೆಂದರೂ ತಾವು ನಿರ್ದೋಷಿಯೆಂದು ಸಾರಿದರು. ಮಂಡಾಲೆಯ ಸೆರೆಯಲ್ಲಿ ಹುಟ್ಟಿದ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಅನುವಾದದಿಂದ ಸೆರೆಮನೆ ಸೇರಿದವರ ಕೃತಿಯು ಅನುವಾದದಿಂದಲೇ ನಮ್ಮ ಮನೆ ಸೇರಿತು.

ಜ್ಯೂರಿಯ ಮಾತಿಗೆ ನ್ಯಾಯಾಧೀಶರು ಒಪ್ಪದಿದ್ದರೆ? ಮುಂಬಯಿಯ ನಾನಾವತಿ ಪ್ರಕರಣವೇ ಅದಕ್ಕೆ ನಿದರ್ಶನ. 1959ರಲ್ಲಿ ಎಂಟು ಮಂದಿ ನಿರ್ದೋಷಿಯೆಂದರು, ಒಬ್ಬರು ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಉಳಿಯಲಿಲ್ಲ.