ಗೇಟ್ ತೆಗೆದ ಮೇಲೆ ಕೋಚ್ ಬರಲ್ಲ: ಗೂಳಿ ಸವಾರರನ್ನ ಬೆಳೆಸಿದವರ ಇತಿಹಾಸ

1/6
8 ಸೆಕೆಂಡ್. ನೀವು ಒಂದು ರೀಲ್ ಪೂರ್ತಿ ನೋಡೋಕೂ ಸಾಲದ ಹೊತ್ತು. ಅಮೆರಿಕದ ರೋಡಿಯೋದಲ್ಲಿ ಗೂಳಿ ಸವಾರ ಗೆದ್ದನೋ ಸೋತನೋ ಅಂತ ಗೊತ್ತಾಗೋದು ಅಷ್ಟರಲ್ಲೇ. ಗೂಳಿ ಮೈಗೆ ಬಿಗಿದ ಹಗ್ಗವನ್ನ ಒಂದೇ ಕೈಯಲ್ಲಿ ಹಿಡೀಬೇಕು. ಇನ್ನೊಂದು ಕೈ ಗೂಳಿಗೆ ತಾಗಿದ್ರೆ ಸವಾರಿ ಲೆಕ್ಕಕ್ಕಿಲ್ಲ. 8 ಸೆಕೆಂಡ್ ಕೂತಿದ್ರೆ 100ಕ್ಕೆ ಅಂಕ ಹಾಕ್ತಾರೆ: 50 ಸವಾರನಿಗೆ, 50 ಗೂಳಿಗೆ.

ಗೇಟ್ ತೆಗೆದ ಮೇಲೆ ನಿಮ್ಮ ಬದಲು ಕೋಚ್ ಹೋಗಿ ಕೂರೋಕಾಗಲ್ಲ. ಹಾಗಾದ್ರೆ ಅವನು ಕೊಡೋದಾದ್ರೂ ಏನು?

2/6
ಮೊದಮೊದಲು ಇದನ್ನ ಹುಡುಗರು ರ‍್ಯಾಂಚ್‌ಗಳಲ್ಲಿ ಕರುಗಳ ಮೇಲೆ ಹತ್ತಿ, ಬಿದ್ದು ಕಲೀತಿದ್ರು. 1960ರ ದಶಕದಲ್ಲಿ ಜಿಮ್ ಶೋಲ್ಡರ್ಸ್ ಓಕ್ಲಹೋಮಾದಲ್ಲಿ ತರಬೇತಿ ಶಾಲೆ ನಡೆಸಿದ್ರು. 16 ವಿಶ್ವ ಪ್ರಶಸ್ತಿ ಗೆದ್ದ ಮನುಷ್ಯ. ಇಂಥ ಶಾಲೆಗಳಲ್ಲಿ ಪಾಠ ಏನು ಗೊತ್ತಾ? ಗದ್ದ ಎದೆ ಕಡೆ ಇಟ್ಕೋ. ನೆಲ ನೋಡ್ಬೇಡ, ಕಣ್ಣು ಎತ್ತ ಹೋಗುತ್ತೋ ಮೈಯೂ ಅತ್ತಲೇ. ಇಳಿಯೋವಾಗ ಹಗ್ಗ ಹಿಡಿದ ಕೈ ಕಡೆಗೇ ಇಳಿ, ಇನ್ನೊಂದು ಬದಿ ಬಿದ್ರೆ ಕೈ ಹಗ್ಗದಲ್ಲಿ ಸಿಕ್ಕಿಕೊಳ್ಳುತ್ತೆ. ಬಿದ್ಮೇಲೆ ಮಲಗಿರಬೇಡ, ಎದ್ದು ಓಡು.

ಗಮನಿಸಿದ್ರಾ? ಕೂರೋದನ್ನ ಕಲಿಸಿದಷ್ಟೇ ಶ್ರದ್ಧೆಯಿಂದ ಬೀಳೋದನ್ನೂ ಕಲಿಸ್ತಾರೆ.

3/6
ಈಗ ಫ್ರೆಕಲ್ಸ್ ಬ್ರೌನ್ ಅನ್ನೋ ಸವಾರನ ಹೆಸರು ನೆನಪಿಟ್ಕೊಳ್ಳಿ. 1962ರಲ್ಲಿ ಕತ್ತಿನ ಮೂಳೆ ಮುರೀತು. ಆದ್ರೆ ಅಷ್ಟೊತ್ತಿಗೆ ಎಷ್ಟು ಮುಂದಿದ್ದ ಅಂದ್ರೆ ಆ ವರ್ಷದ ವಿಶ್ವ ಚಾಂಪಿಯನ್ ಅವನೇ, 41ನೇ ವಯಸ್ಸಲ್ಲಿ. 1967ರ ಡಿಸೆಂಬರ್‌ನಲ್ಲಿ, 46ನೇ ವಯಸ್ಸಲ್ಲಿ, ಟೊರ್ನೇಡೋ ಅನ್ನೋ ಗೂಳಿಯ ಮೇಲೆ 8 ಸೆಕೆಂಡ್ ಪೂರ್ತಿ ಕೂತ. ಅದು ಶೋಲ್ಡರ್ಸ್ ಅವರದ್ದೇ ಗೂಳಿ. ಅಲ್ಲಿವರೆಗೆ 200ಕ್ಕೂ ಹೆಚ್ಚು ಸಲ ಸವಾರರನ್ನ ಕೆಡವಿತ್ತು.

ಅದೇ ಕಾಲದಲ್ಲಿ ಟೆಕ್ಸಸ್‌ನ ಕಪ್ಪು ಸವಾರ ಮರ್ಟಿಸ್ ಡೈಟ್‌ಮನ್ ಅವನ ಹತ್ರ ಒಂದು ಪ್ರಶ್ನೆ ಕೇಳ್ದ: ವಿಶ್ವ ಚಾಂಪಿಯನ್ ಆಗೋಕೆ ನಾನೇನು ಮಾಡ್ಬೇಕು? ಬ್ರೌನ್ ಉತ್ತರದ ತಾತ್ಪರ್ಯ ಇಷ್ಟು: ಈಗ ಮಾಡ್ತಿರೋ ಹಾಗೇ ಸವಾರಿ ಮಾಡು, ಆಮೇಲೆ ಬಿಳಿಯನಾಗಿಬಿಡು.

ಕೇಳೋಕೆ ಕಹಿ. ಆದ್ರೆ ತಪ್ಪು ನಿನ್ನ ಸವಾರಿಯಲ್ಲಿಲ್ಲ ಅಂತ ಒಬ್ಬ ಚಾಂಪಿಯನ್ನೇ ಹೇಳಿದ ಹಾಗಾಯ್ತಲ್ಲ.

4/6
ಡೈಟ್‌ಮನ್‌ಗೆ ಆ ಪ್ರಶಸ್ತಿ ಸಿಗಲೇ ಇಲ್ಲ. ರಾಷ್ಟ್ರೀಯ ಫೈನಲ್ಸ್‌ಗೆ ಅರ್ಹತೆ ಪಡೆದ ಮೊದಲ ಕಪ್ಪು ಸವಾರ ಅವನೇ, ಆದ್ರೂ ಸಿಗಲಿಲ್ಲ. ಅವನು ಕಹಿ ನುಂಗಿ ಸುಮ್ನೆ ಕೂರಲಿಲ್ಲ. ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಿಂದ ಬಂದ ಚಾರ್ಲಿ ಸ್ಯಾಂಪ್ಸನ್‌ಗೆ ಮಾರ್ಗದರ್ಶಿಯಾದ. 1982ರಲ್ಲಿ ಸ್ಯಾಂಪ್ಸನ್ ರೋಡಿಯೋದ ಮೊದಲ ಕಪ್ಪು ವಿಶ್ವ ಚಾಂಪಿಯನ್ ಆದ.

ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಡೈಟ್‌ಮನ್ ಖಾತೆ ಶೂನ್ಯಕ್ಕೆ ಕ್ಲೋಸ್ ಆಗ್ಲಿಲ್ಲ, ಬ್ಯಾಲೆನ್ಸ್ ಮುಂದಿನ ಪುಟಕ್ಕೆ ಹೋಯ್ತು.

5/6
ಬ್ರೌನ್‌ಗೂ ಒಬ್ಬ ಶಿಷ್ಯ ಸಿಕ್ಕ. ಡೈರಿ ಫಾರ್ಮ್‌ನಲ್ಲಿ ಕರು ಹತ್ತಿ ಬೆಳೆದ ಹುಡುಗ ಲೇನ್ ಫ್ರಾಸ್ಟ್. ಅವನ ಮನೆಯವರು ಯೂಟಾ ಬಿಟ್ಟು ಓಕ್ಲಹೋಮಾಗೆ ಬಂದಾಗ, ಮನೆ ಮಂದಿಗೆ ಪರಿಚಯವಿದ್ದ ಬ್ರೌನ್ ಹತ್ತಿರದಲ್ಲೇ ಇದ್ದ. ಹುಡುಗನನ್ನ ತಿದ್ದಿದ. 1987ರ ಮಾರ್ಚ್‌ನಲ್ಲಿ ಬ್ರೌನ್ ತೀರಿಕೊಂಡ. ಅದೇ ವರ್ಷದ ಕೊನೆಗೆ ಲೇನ್ ವಿಶ್ವ ಚಾಂಪಿಯನ್. ಗುರು ನೋಡೋಕೆ ಇರಲಿಲ್ಲ.

ಮರುವರ್ಷ ರೆಡ್ ರಾಕ್ ಅನ್ನೋ ಗೂಳಿ ಜೊತೆ ಲೇನ್‌ಗೆ 7 ಸುತ್ತಿನ ಸವಾಲು. ವೃತ್ತಿಪರ ರೋಡಿಯೋದಲ್ಲಿ 300ಕ್ಕೂ ಹೆಚ್ಚು ಸಲ ಯಾರಿಗೂ ಬಗ್ಗದ ಗೂಳಿ. ಲೇನ್ 4 ಸಲ ಗೆದ್ದ.

1989ರ ಜುಲೈ 30, ಶಾಯೆನ್. 8 ಸೆಕೆಂಡ್ ಮುಗಿಸಿ, 85 ಅಂಕ ಪಡೆದು ಕೆಳಗಿಳಿದ. ಗೂಳಿ ತಿರುಗಿ ಬಂದು ಬೆನ್ನಿಗೆ ಗುದ್ದಿತು. ಅಲ್ಲೇ ಮೈದಾನದಲ್ಲಿ ಕುಸಿದ, ಉಳೀಲಿಲ್ಲ. ವಯಸ್ಸು 25, ನಮಗಿಂತ ಬರೀ ಐದು ವರ್ಷ ದೊಡ್ಡವನು. ಓಕ್ಲಹೋಮಾದ ಹ್ಯೂಗೋ ಸ್ಮಶಾನದಲ್ಲಿ ಗುರು ಪಕ್ಕದಲ್ಲೇ ಅವನ ಸಮಾಧಿ.

6/6
ಲೇನ್ ತಪ್ಪೇನೂ ಮಾಡಿರಲಿಲ್ಲ. ಸವಾರಿ ಪೂರ್ತಿಯಾಗಿತ್ತು, ಕಲಿತಿದ್ದೆಲ್ಲ ಸರಿಯಾಗೇ ಮಾಡಿದ್ದ. ಅಂದ್ರೆ ಕಲಿಸಿದ ಪಾಠದಲ್ಲೇ ಏನೋ ಒಂದು ಕಮ್ಮಿ ಇತ್ತು. ಅದನ್ನ ಹುಡುಕಿದ್ದು ಅವನ ಗೆಳೆಯ ಕೋಡಿ ಲ್ಯಾಂಬರ್ಟ್. ಎದೆ, ಬೆನ್ನು, ಪಕ್ಕೆಲುಬು ಕಾಯೋ ರಕ್ಷಣಾ ವೆಸ್ಟ್ ತಯಾರು ಮಾಡಿದ. 1992ರಲ್ಲಿ 20 ಸವಾರರು ತಲಾ 1,000 ಡಾಲರ್ ಹಾಕಿ ವೃತ್ತಿಪರ ಗೂಳಿ ಸವಾರರ ಸಂಸ್ಥೆ ಪಿಬಿಆರ್ ಕಟ್ಟಿದಾಗ ಅವರಲ್ಲಿ ಅವನೂ ಒಬ್ಬ. ಮುಂದೆ ವೆಸ್ಟ್ ಕಡ್ಡಾಯ ಆಯ್ತು. 2013ರಿಂದ, 1994ರ ಅಕ್ಟೋಬರ್ 15 ಅಥವಾ ಆಮೇಲೆ ಹುಟ್ಟಿದವರಿಗೆ ಹೆಲ್ಮೆಟ್ ಕೂಡ. ಹಳಬರು ಹ್ಯಾಟ್ ಬಿಡಲಿಲ್ಲ, ಆದ್ರೆ ಹುಡುಗರ ತಲೆ ಉಳಿಸೋಕೆ ನಿಯಮ ಮಾಡಿದ್ರು. 2022ರಲ್ಲಿ 8 ತಂಡಗಳ ಲೀಗ್ ಶುರುವಾದಾಗ ಲ್ಯಾಂಬರ್ಟ್ ಟೆಕ್ಸಸ್ ರ‍್ಯಾಟ್ಲರ್ಸ್ ತಂಡದ ಕೋಚ್. 2023ರ ಪ್ರಶಸ್ತಿ ಅದೇ ತಂಡಕ್ಕೆ.

ನಾವು "ನನ್ನ ಗ್ರೋತ್, ನನ್ನ ಜರ್ನಿ" ಅಂತ ದಿನಾ ಪೋಸ್ಟ್ ಹಾಕ್ತೀವಲ್ಲ, ಈ ಕತೆಯಲ್ಲಿ ಒಬ್ಬನಾದ್ರೂ ಒಂಟಿಯಾಗಿ ಬೆಳೆದವನು ಸಿಕ್ಕಿದ್ನಾ ನೋಡಿ. ಗೇಟ್‌ವರೆಗೆ ಯಾರೋ ಜೊತೆಗಿದ್ರು. ಸೆಮಿಸ್ಟರ್ ರಿಸಲ್ಟ್ ಬರೋ ವಾರ ಇದು. ಪಾಸಾದವರು ಒಬ್ಬ ಜೂನಿಯರ್‌ಗೆ ನಿಮ್ಮ ನೋಟ್ಸ್ ಕೊಡಿ. ಬ್ಯಾಕ್ ಉಳಿದವರು ಎಲ್ಲಿ ಬಿದ್ವಿ ಅಂತ ಒಬ್ಬರಿಗೆ ಹೇಳಿ, ಅವರು ಅಲ್ಲಿ ಬೀಳದಿರಲಿ.

ನಿಮ್ಮನ್ನ ಗೇಟ್‌ವರೆಗೆ ಬಿಟ್ಟವರು ಯಾರು? ಕಾಮೆಂಟಲ್ಲಿ ಬರೀರಿ, ಓದ್ತೀನಿ.