ಆಮೆಗೆ ತಾನಿರುವ ಜಾಗ ಗೊತ್ತೇ?

ಯಂತ್ರವೊಂದು ತನ್ನಂಥದೇ ಇನ್ನೊಂದನ್ನು ಕಟ್ಟಬಲ್ಲುದೇ? 1940ರ ದಶಕದ ಕೊನೆಗೆ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮೊದಲು ಅವರು ಕಲ್ಪಿಸಿಕೊಂಡದ್ದು, ಸುತ್ತ ತೇಲಾಡುವ ಬಿಡಿಭಾಗಗಳನ್ನು ಆರಿಸಿ ಜೋಡಿಸುವ ಯಂತ್ರವನ್ನು. ಅದನ್ನು ಲೆಕ್ಕಕ್ಕೆ ಒಗ್ಗಿಸುವುದು ಕಷ್ಟವಾದಾಗ, ಗೆಳೆಯ ಸ್ಟಾನಿಸ್ಲಾವ್ ಉಲಾಮ್ ಕೊಟ್ಟ ಸೂಚನೆಯಂತೆ ಚೌಕಳಿ ಹಾಳೆಗೆ ಬಂದರು. ಅಲ್ಲಿ ಪ್ರತಿ ಮನೆಯೂ ಅಕ್ಕಪಕ್ಕದ ಮನೆಗಳನ್ನಷ್ಟೇ ನೋಡಿ ತನ್ನ ಸ್ಥಿತಿಯನ್ನು ಬದಲಿಸಿಕೊಳ್ಳುತ್ತದೆ. 1957ರಲ್ಲಿ ಅವರು ತೀರಿಕೊಂಡರು. ಉಳಿದ ಬರಹವನ್ನು ಆರ್ಥರ್ ಬರ್ಕ್ಸ್ ಪೂರ್ಣಗೊಳಿಸಿ 1966ರಲ್ಲಿ ಪುಸ್ತಕವಾಗಿ ತಂದರು. ಹೀಗೆ, ತಾನೇ ಕೂಡಿಕೊಳ್ಳುವ ಯಂತ್ರದ ಚರಿತ್ರೆ ಕಾರ್ಖಾನೆಗಿಂತ ಮೊದಲು ಕಾಗದದ ಮೇಲೆ ನಡೆಯಿತು.

ಇನ್ನೊಂದು ಎಳೆ ಮಕ್ಕಳ ಕಡೆಯದು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫಾಯರ್ಝೈಗ್ ಸೇರಿ ಮಕ್ಕಳಿಗಾಗಿ ಲೋಗೋ ಭಾಷೆಯನ್ನು ರೂಪಿಸಿದರು. ಮುಂದೆ ಅದಕ್ಕೊಂದು ಆಮೆ ಬಂತು: ಮುಂದೆ ಹೋಗು, ಬಲಕ್ಕೆ ತಿರುಗು ಎಂದರೆ ಗೆರೆ ಎಳೆಯುತ್ತ ಸಾಗುವ ಆಮೆ. ಸುಮಾರು 1990ರ ಹೊತ್ತಿಗೆ ಎಂಐಟಿಯ ಮಿಚೆಲ್ ರೆಸ್ನಿಕ್ ಆ ಒಂದು ಆಮೆಯನ್ನು ಸಾವಿರಾರು ಮಾಡಿದರು. ಅದು ಸ್ಟಾರ್‌ಲೋಗೋ. ಅದರ ಗೆದ್ದಲಿನ ಆಟ ಪ್ರಸಿದ್ಧ. ಕಟ್ಟಿಗೆಯ ಚೂರು ಸಿಕ್ಕರೆ ಎತ್ತಿಕೋ, ಹೊತ್ತಿರುವಾಗ ಇನ್ನೊಂದು ಎದುರಾದರೆ ಅದರ ಪಕ್ಕ ಇಳಿಸು. ಇಷ್ಟೇ ನಿಯಮ. ಯಾರೂ ಮೇಸ್ತ್ರಿಯಿಲ್ಲ, ಆದರೂ ಚೆಲ್ಲಾಪಿಲ್ಲಿಯಾಗಿದ್ದ ಚೂರುಗಳು ರಾಶಿಯಾಗುತ್ತವೆ. ವ್ಯವಸ್ಥೆ ಇದ್ದಲ್ಲಿ ಒಡೆಯನೊಬ್ಬ ಇರಲೇಬೇಕೆಂಬ ನಮ್ಮ ನಂಬಿಕೆಯನ್ನೇ ರೆಸ್ನಿಕ್ ಪ್ರಶ್ನಿಸಿದ್ದರು. 1999ರಲ್ಲಿ ಉರಿ ವಿಲೆನ್ಸ್ಕಿ ನೆಟ್‌ಲೋಗೋ ತಂದರು.

ಈ ಹೊತ್ತಿಗೆ ನಿಜವಾದ ಬಿಡಿಘಟಕಗಳ ರೋಬೋಟುಗಳೂ ಬಂದಿದ್ದವು. ಜಪಾನಿನಲ್ಲಿ ತೊಶಿಯೊ ಫುಕುದಾ 1980ರ ದಶಕದ ಕೊನೆಗೆ ಜೀವಕೋಶಗಳ ಮಾದರಿಯ ಸೆಬಾಟ್ ಅನ್ನು ರೂಪಿಸಿದ್ದರು. ಎರಡೂ ಎಳೆಗಳ ಕೂಡುಹಾದಿ ಸ್ಪಷ್ಟವಾಗಿ ಕಾಣುವುದು 2014ರಲ್ಲಿ, ಹಾರ್ವರ್ಡಿನ ಮೈಕೆಲ್ ರೂಬೆನ್‌ಸ್ಟೈನ್, ರಾಧಿಕಾ ನಾಗಪಾಲ್ ಮತ್ತು ಸಂಗಡಿಗರು 1,024 ಕಿಲೋಬಾಟ್‌ಗಳನ್ನು ನಕ್ಷತ್ರದ ಆಕಾರದಲ್ಲಿ ನಿಲ್ಲಿಸಿದಾಗ. ನಾಲ್ಕು ರೋಬೋಟುಗಳನ್ನು ಬೀಜವಾಗಿ ಇಟ್ಟರೆ, ಉಳಿದವು ಗುಂಪಿನ ಅಂಚು ಹಿಡಿದು ನಡುಗುತ್ತ ಸಾಗಿ ತಮ್ಮ ಜಾಗ ಸೇರುತ್ತವೆ. ಆಕಾರ ಮೂಡಲು ಸುಮಾರು 12 ಗಂಟೆ ಬೇಕಾಯಿತು.

ಇದನ್ನೇ ನೆಟ್‌ಲೋಗೋದಲ್ಲಿ ಬರೆಯುವುದು ಹೊಸಬರಿಗೂ ಸಾಧ್ಯ. ಬೀಜದ ಆಮೆಗೆ ಸೊನ್ನೆ ಅಂಕ. ಉಳಿದ ಪ್ರತಿಯೊಂದೂ ನೆರೆಯವರಲ್ಲಿ ಅತಿ ಕಡಿಮೆ ಅಂಕವನ್ನು ನೋಡಿ ಅದಕ್ಕೆ ಒಂದು ಕೂಡಿಸಿ ಇಟ್ಟುಕೊಳ್ಳಲಿ. ಬೀಜದಿಂದ ತಾನೆಷ್ಟು ದೂರವೆಂಬುದು ಆಗ ಎಲ್ಲಕ್ಕೂ ತಿಳಿಯುತ್ತದೆ.

ಆದರೆ ಎಚ್ಚರಿಕೆ ಬೇಕಾದುದು ಇಲ್ಲಿಯೇ. ಪರದೆಯ ಆಮೆಯನ್ನು 'ನೀನು ಎಲ್ಲಿದ್ದೀ' ಎಂದು ಕೇಳಿದರೆ ಅದು ತಕ್ಷಣ ತನ್ನ ನಿರ್ದೇಶಾಂಕಗಳನ್ನು ಒಪ್ಪಿಸುತ್ತದೆ. ಕಿಲೋಬಾಟ್‌ಗೆ ಆ ಭಾಗ್ಯವಿಲ್ಲ. ನೆರೆಯವರಿಂದಿರುವ ದೂರವನ್ನು ಅಳೆದು, ಅವರ ಮಾತು ನಂಬಿ, ತನ್ನ ಜಾಗವನ್ನು ತಾನೇ ಲೆಕ್ಕಹಾಕಬೇಕು. ನೆರೆಯವನು ತಪ್ಪಿದರೆ ತಾನೂ ತಪ್ಪುತ್ತದೆ. ನೆಟ್‌ಲೋಗೋದಲ್ಲಿ ಎಲ್ಲವನ್ನೂ ಮೇಲಿನಿಂದ ಕಾಣುವ ಪಾತ್ರವೊಂದಿದೆ, ಅದರ ಹೆಸರೇ 'ವೀಕ್ಷಕ'. ನಮ್ಮ ಆಮೆ ಆ ವೀಕ್ಷಕನಿಗೆ ಮಾತ್ರ ಗೊತ್ತಿರಬೇಕಾದುದನ್ನು ಕದ್ದು ಬಳಸಿದರೆ, ಒಡೆಯನನ್ನು ಬಾಗಿಲಿನಿಂದ ಕಳಿಸಿ ಕಿಟಕಿಯಿಂದ ಒಳಗೆ ಬಿಟ್ಟುಕೊಂಡಂತೆ. ಒಡೆಯನಿಲ್ಲದೆ ಕೂಡಿ ಬಾಳಲು ಪಕ್ಕದವರ ಮಾತೆಷ್ಟು ಸಾಕು? ಆರು ಸಾಲಿನ ಕೋಡ್ ಬರೆಯುವ ವಿದ್ಯಾರ್ಥಿಯ ಮುಂದೆಯೂ ಇರುವುದು ಇದೇ ಪ್ರಶ್ನೆ.